ಕ್ಯಾಸ್ಕೇಡ್ ಅರಿಯದೆ ಥೀಮ್ ಕಟ್ಟಲಾಗದು

ಕನ್ನಡದಲ್ಲಿ ಬ್ಲಾಗ್ ಬರೆಯುವವರ ನಡುವೆ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ದುಡ್ಡು ಕೊಟ್ಟು ಚೆಂದದ ಥೀಮ್ ಒಂದನ್ನು, ಅಂದರೆ ಪುಟದ ನೋಟವನ್ನು ನಿರ್ಧರಿಸುವ ಸಿದ್ಧ ಕಡತಗಳ ಕಟ್ಟನ್ನು, ತಂದು ಕೂರಿಸಿದರೆ ಪುಟ ತಾನಾಗಿಯೇ ಚೆಂದವಾಗುತ್ತದೆ, ಆಗದಿದ್ದರೆ ಇನ್ನೊಂದು ಥೀಮ್ ತರಬೇಕು ಎಂಬುದು ಆ ನಂಬಿಕೆ. ‘ಮೊಗವೀರ’ದಂಥ ಮಾಸಪತ್ರಿಕೆಯನ್ನೂ ‘ಕರ್ನಾಟಕ ಮಲ್ಲ’ದಂಥ ದಿನಪತ್ರಿಕೆಯನ್ನೂ ಹೊರತಂದ ಮುಂಬಯಿಯಲ್ಲಿ ಕನ್ನಡ ಬರೆಯುವವರಿಗೆ ಕೊರತೆಯಿಲ್ಲ. ಅವರ ಬರಹವನ್ನು ಇಂದು ಹೆಚ್ಚಿನವರು ಓದುವುದು ಡೊಂಬಿವಲಿಯಿಂದಲೋ ಬೊರಿವಲಿಯಿಂದಲೋ ಹೊರಟ ಲೋಕಲ್ ರೈಲಿನಲ್ಲಿ, ಒಂದು ಕೈಯಲ್ಲಿ ಹಿಡಿದ ಫೋನಿನ ಮೇಲೆ. ಆ ಸಣ್ಣ ಪರದೆಯಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗುಲಿಕೊಂಡಿರುತ್ತದೆ, ಶೀರ್ಷಿಕೆಯ ಉದ್ದನೆಯ ಪದ ಅಂಚನ್ನು ದಾಟಿ ಹೋಗಿರುತ್ತದೆ, ಉದ್ಧರಣೆಯ ಅಕ್ಷರಗಳು ಬಲವಂತವಾಗಿ ಓರೆಯಾಗಿರುತ್ತವೆ. ಹತ್ತು ಥೀಮ್ ಬದಲಿಸಿದರೂ ಈ ತೊಂದರೆಗಳು ತೀರುವುದಿಲ್ಲ. ಏಕೆಂದರೆ ಆ ಥೀಮುಗಳಲ್ಲಿ ಹೆಚ್ಚಿನವು ರೋಮನ್ ಲಿಪಿಯನ್ನು ಕಣ್ಣ ಮುಂದಿಟ್ಟುಕೊಂಡು ಅಳತೆ ಮಾಡಿದಂಥವು. ಅವನ್ನು ತಿದ್ದಿಕೊಳ್ಳಲು ಬೇಕಾದ ಸಲಕರಣೆಗಳೆಲ್ಲ ಉಚಿತವಾಗಿ ಸಿಗುತ್ತವೆ. ಆದರೆ ಪುಟದ ಒಂದೇ ಅಂಶಕ್ಕೆ ಹಲವು ಸೂಚನೆಗಳಿದ್ದಾಗ ಯಾವುದು ಗೆಲ್ಲಬೇಕೆಂದು ಬ್ರೌಸರ್ ತೀರ್ಮಾನಿಸುವ ಕ್ಯಾಸ್ಕೇಡ್ ಎಂಬ ಒಂದು ತತ್ತ್ವ ಅರ್ಥವಾಗದೆ ಯಾವ ಸಲಕರಣೆಯೂ ಕೈಗೆ ಹತ್ತುವುದಿಲ್ಲ.

1994ರ ಅಕ್ಟೋಬರ್ 10ರಂದು ಸರ್ನ್ ಪ್ರಯೋಗಾಲಯದಲ್ಲಿದ್ದ ಹೋಕನ್ ವಿಯುಮ್ ಲೀ ಜಾಲಪುಟಗಳ ಅಲಂಕಾರಕ್ಕೆ ಒಂದು ಪ್ರಸ್ತಾವನೆಯನ್ನು ಮುಂದಿಟ್ಟರು. ಪುಟದ ನೋಟವನ್ನು ನಿರ್ಧರಿಸುವ ಅಧಿಕಾರ ಬರೆದವನೊಬ್ಬನದೇ ಅಲ್ಲ, ಓದುವವನಿಗೂ ಅದರಲ್ಲಿ ಮಾತಿರಬೇಕು ಎಂಬುದು ಅದರ ತಿರುಳು. ಮೊದಲ ಕರಡಿನಲ್ಲಿ ಪ್ರತಿ ಸೂಚನೆಯ ಜೊತೆಗೂ ಶೇಕಡಾವಾರು ಪ್ರಭಾವವನ್ನು ನಮೂದಿಸಬಹುದಿತ್ತು. ಶೀರ್ಷಿಕೆಯ ಗಾತ್ರ ಇಷ್ಟಿರಲಿ ಎಂದು ಹೇಳಿ, ಆ ಮಾತಿಗೆ ಶೇಕಡಾ 40ರಷ್ಟು ಬಲವಿದೆ ಎಂದು ಸೇರಿಸಬಹುದಿತ್ತು. ಆ ಶೇಕಡಾ ಲೆಕ್ಕ ಮುಂದೆ ಉಳಿಯಲಿಲ್ಲ, ಆದರೆ ಹಲವರ ಸೂಚನೆಗಳನ್ನು ತೂಗಿ ಒಂದು ತೀರ್ಪಿಗೆ ಬರುವ ಕಲ್ಪನೆ ಉಳಿಯಿತು. ಲೀ ಅವರೊಡನೆ ಬರ್ಟ್ ಬಾಸ್ ಕೈಜೋಡಿಸಿದರು. 1996ರ ಡಿಸೆಂಬರ್ 17ರಂದು ಆ ಪ್ರಸ್ತಾವನೆಯಿಂದ ಬೆಳೆದ ಸಿಎಸ್‌ಎಸ್ (ಕ್ಯಾಸ್ಕೇಡಿಂಗ್ ಸ್ಟೈಲ್ ಶೀಟ್ಸ್) ಭಾಷೆಯ ಮೊದಲ ಆವೃತ್ತಿ ಅಧಿಕೃತ ಶಿಫಾರಸಾಯಿತು. 1998ರ ಎರಡನೆಯ ಆವೃತ್ತಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಬರೆದವನೂ ಓದುಗನೂ ತಮ್ಮ ಸೂಚನೆಗಳನ್ನು ‘ಇಂಪಾರ್ಟೆಂಟ್’ ಎಂದು ಗುರುತಿಸಿದಾಗ ಓದುಗನ ಮಾತೇ ಗೆಲ್ಲಬೇಕೆಂದು ವಿಧಿಸಿತು. ಕಣ್ಣು ಮಂಜಾದವರಿಗೆ ದೊಡ್ಡ ಅಕ್ಷರ ಬೇಕಾದರೆ ಯಾವ ವಿನ್ಯಾಸಕಾರನೂ ಅದನ್ನು ತಡೆಯುವಂತಿರಬಾರದು ಎಂಬ ಈ ನಿಲುವು ತಂತ್ರಜ್ಞಾನದ ಇತಿಹಾಸದಲ್ಲಿ ಕಾಣುವ ಅಪರೂಪದ ಸೌಜನ್ಯಗಳಲ್ಲೊಂದು ಎಂದು ನಾನು ಭಾವಿಸಿದ್ದೇನೆ.

ಬ್ರೌಸರ್ ಈ ತೀರ್ಪನ್ನು ಕೊಡುವ ಕ್ರಮ ಮುಂಬಯಿಯ ಸಹಕಾರಿ ವಸತಿ ಸೊಸೈಟಿಗಳಲ್ಲಿ ವಾಸಿಸುವವರಿಗೆ ಹೊಸದೆನಿಸದು. ಅಲ್ಲಿ ರಾಜ್ಯದ ಕಾನೂನು, ಸೊಸೈಟಿಯ ಉಪವಿಧಿ, ಮಹಾಸಭೆಯ ಠರಾವು ಎಂಬ ಮೆಟ್ಟಿಲುಗಳಿವೆ. ಮೇಲಿನ ಮೆಟ್ಟಿಲಿನ ಮಾತು ಎಷ್ಟೇ ಹಳೆಯದಾಗಿದ್ದರೂ ಕೆಳಗಿನ ಮೆಟ್ಟಿಲಿನ ಹೊಸ ಮಾತನ್ನು ಮೀರುತ್ತದೆ. ಒಂದೇ ಮೆಟ್ಟಿಲಿನ ಎರಡು ಠರಾವುಗಳು ಪರಸ್ಪರ ವಿರುದ್ಧವಾಗಿದ್ದರೆ ಮಾತ್ರ ತಾರೀಖು ನೋಡಿ ಕೊನೆಯದನ್ನು ಎತ್ತಿಹಿಡಿಯಲಾಗುತ್ತದೆ. ಬ್ರೌಸರ್ ಕೂಡ ಮೊದಲು ಸೂಚನೆ ಬಂದದ್ದು ತನ್ನದೇ ಮೂಲ ನಿಯಮಗಳಿಂದಲೋ, ಓದುಗನಿಂದಲೋ, ಥೀಮಿನಿಂದಲೋ ಎಂದು ವಿಚಾರಿಸುತ್ತದೆ. ಬಳಿಕ ಅದು ಯಾವ ಲೇಯರಿಗೆ, ಅಂದರೆ ನಿಯಮಗಳ ಯಾವ ಗುಂಪಿಗೆ, ಸೇರಿದೆ ಎಂದು ನೋಡುತ್ತದೆ. ಅದೂ ಸಮವಾದರೆ ಸೂಚನೆ ಎಷ್ಟು ನಿರ್ದಿಷ್ಟವಾಗಿದೆ ಎಂದು ಅಳೆಯುತ್ತದೆ. ಎಲ್ಲದರಲ್ಲೂ ಸಮಬಲವಾದಾಗ ಮಾತ್ರ ಕೊನೆಯಲ್ಲಿ ಬರೆದ ಸೂಚನೆಯನ್ನು ಒಪ್ಪುತ್ತದೆ. ಕಡತದ ತುದಿಯಲ್ಲಿ ನಾಲ್ಕು ಸಾಲು ಅಂಟಿಸಿ, ಅವು ಏಕೆ ಕೆಲಸ ಮಾಡುತ್ತಿಲ್ಲವೆಂದು ಪರದಾಡುವವರು ಮೊದಲ ಮೂರು ಮೆಟ್ಟಿಲುಗಳನ್ನು ಬಿಟ್ಟು ನೇರವಾಗಿ ನಾಲ್ಕನೆಯದನ್ನು ನಂಬಿದವರು.

ನಿರ್ದಿಷ್ಟತೆಯ ಅಳತೆಯ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ತುಂಬ ಹರಡಿದೆ. ಪುಟದ ಒಂದೇ ಅಂಶದ ಹೆಸರಾದ ಐಡಿಗೆ ನೂರು, ಹಲವು ಅಂಶಗಳಿಗೆ ಸಲ್ಲುವ ಗುಂಪಿನ ಹೆಸರಾದ ಕ್ಲಾಸಿಗೆ ಹತ್ತು, ಅಂಶದ ಬಗೆಯನ್ನು ಹೇಳುವ ಟ್ಯಾಗಿಗೆ ಒಂದು ಅಂಕ ಎಂದು ಎಷ್ಟೋ ಪಾಠಗಳು ಕಲಿಸುತ್ತವೆ. ಹಾಗಿದ್ದಿದ್ದರೆ ಹನ್ನೊಂದು ಕ್ಲಾಸುಗಳು ಸೇರಿ ಒಂದು ಐಡಿಯನ್ನು ಸೋಲಿಸಬೇಕಿತ್ತು, ಸೋಲಿಸುವುದಿಲ್ಲ. ಇಲ್ಲಿ ಐಡಿ, ಕ್ಲಾಸ್, ಟ್ಯಾಗುಗಳಿಗೆ ಎಡದಿಂದ ಬಲಕ್ಕೆ ಮೂರು ಪ್ರತ್ಯೇಕ ಅಂಕಣಗಳಿವೆ, ಎಡಗಡೆಯ ಅಂಕಣದಲ್ಲಿ ಗೆದ್ದವರು ಅಲ್ಲಿಗೇ ಗೆದ್ದರು, ಬಲಗಡೆಯ ಅಂಕಣಗಳನ್ನು ಆಮೇಲೆ ನೋಡುವುದೇ ಇಲ್ಲ. ಇದರ ಜೊತೆಗೆ, ಹೊರಗಿನ ಅಂಶದ ಗುಣ ಅದರೊಳಗಿನ ಅಂಶಗಳಿಗೂ ಇಳಿಯುವ ಆನುವಂಶಿಕತೆಯ ನಿಯಮವೂ ಇದೆ. ಇಡೀ ಪುಟವನ್ನು ಒಳಗೊಳ್ಳುವ ಬಾಡಿ ಟ್ಯಾಗಿಗೆ ಕನ್ನಡ ಫಾಂಟ್ ಕೊಟ್ಟರೂ ಶೀರ್ಷಿಕೆ ಹಳೆಯ ಫಾಂಟಿನಲ್ಲೇ ಉಳಿಯುವುದಕ್ಕೆ ಕಾರಣ, ತಂದೆಯಿಂದ ಬಂದ ಮೌಲ್ಯಕ್ಕಿಂತ ಆ ಅಂಶಕ್ಕೆ ನೇರವಾಗಿ ಹೇಳಿದ ಅತ್ಯಂತ ದುರ್ಬಲ ಸೂಚನೆಗೂ ಹೆಚ್ಚು ಬೆಲೆಯಿರುವುದು. ಇದನ್ನು ಅರಿಯದವರು ಎಲ್ಲ ಸಾಲುಗಳ ಮುಂದೆಯೂ ‘ಇಂಪಾರ್ಟೆಂಟ್’ ಎಂದು ಬರೆಯುತ್ತ ಹೋಗುತ್ತಾರೆ. ಅದು ಮಂತ್ರದಂತೆ ಒಮ್ಮೆ ಫಲಿಸಿದಂತೆ ಕಾಣುತ್ತದೆ, ಆದರೆ ಮುಂದಿನ ತಿದ್ದುಪಡಿಗೂ ಅದೇ ಬೇಕಾಗುತ್ತದೆ, ಆರು ತಿಂಗಳಲ್ಲಿ ಕಡತವನ್ನು ಯಾರೂ ಮುಟ್ಟಲಾರದಂತಾಗುತ್ತದೆ. 2022ರಿಂದ ಪ್ರಮುಖ ಬ್ರೌಸರ್‌ಗಳೆಲ್ಲ ಬೆಂಬಲಿಸುತ್ತಿರುವ ಲೇಯರ್ ವ್ಯವಸ್ಥೆ ಇದಕ್ಕೆ ಸರಿಯಾದ ಮದ್ದು. ತಂದ ಥೀಮಿನ ನಿಯಮಗಳನ್ನು ಒಂದು ಲೇಯರಿನಲ್ಲಿಟ್ಟು ನಮ್ಮವನ್ನು ಹೊರಗೆ ಬರೆದರೆ, ನಮ್ಮ ಸರಳ ಸೂಚನೆಯೂ ಅಲ್ಲಿನ ಬಲಿಷ್ಠ ಐಡಿಯನ್ನು ಮೀರುತ್ತದೆ.

ಈ ತೀರ್ಪು ನಡೆಯುವುದನ್ನು ಕಣ್ಣಾರೆ ನೋಡಲು ಒಂದು ಸಲಕರಣೆಯಿದೆ, ಮತ್ತು ಅದು ಎಲ್ಲರ ಕಂಪ್ಯೂಟರಿನಲ್ಲೂ ಆಗಲೇ ಇದೆ. 2006ರಲ್ಲಿ ಜೋ ಹೆವಿಟ್ ಫೈರ್‌ಫಾಕ್ಸ್‌ಗಾಗಿ ಫೈರ್‌ಬಗ್ ಎಂಬ ಪರಿಶೋಧಕವನ್ನು ಬಿಡುಗಡೆ ಮಾಡಿದರು. ಇಂದು ಅಂಥ ಇನ್‌ಸ್ಪೆಕ್ಟರ್ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲೂ ಇದೆ. ಪುಟದ ಮೇಲೆ ಬಲಗುಂಡಿ ಒತ್ತಿ ಅದನ್ನು ತೆರೆದರೆ, ಒಂದು ಸಾಲಿಗೆ ಅನ್ವಯವಾಗುವ ಎಲ್ಲ ಸೂಚನೆಗಳು ಕಾಣುತ್ತವೆ. ಸೋತವುಗಳ ಮೇಲೆ ಅಡ್ಡಗೆರೆ ಇರುತ್ತದೆ. ಫೈರ್‌ಫಾಕ್ಸ್ ಪರಿಣಾಮವಿಲ್ಲದ ಸೂಚನೆಗಳನ್ನು ಮಸುಕಾಗಿಸಿ ಕಾರಣವನ್ನೂ ತಿಳಿಸುತ್ತದೆ. ಕ್ರೋಮ್‌ನ ಕಂಪ್ಯೂಟೆಡ್ ವಿಭಾಗದ ತಳದಲ್ಲಿ, ನಾವು ಕೇಳಿದ ಫಾಂಟ್ ಯಾವುದೇ ಇರಲಿ, ಅಕ್ಷರಗಳನ್ನು ನಿಜವಾಗಿ ಬಿಡಿಸಿದ ಫಾಂಟ್ ಯಾವುದು ಎಂಬುದು ನಮೂದಾಗಿರುತ್ತದೆ. ಕನ್ನಡದ ಥೀಮ್ ಕಟ್ಟುವವರಿಗೆ ಈ ಒಂದು ಸಾಲಿನಷ್ಟು ಉಪಯುಕ್ತವಾದ ಮಾಹಿತಿ ಬೇರೆಲ್ಲೂ ಸಿಗಲಾರದು.

ಅದಕ್ಕೆ ಕಾರಣ ನಮ್ಮ ಲಿಪಿಯ ರಚನೆಯಲ್ಲಿದೆ. ಯೂನಿಕೋಡ್ ಕನ್ನಡಕ್ಕೆ ಮೀಸಲಿಟ್ಟಿರುವುದು 128 ಸ್ಥಾನಗಳನ್ನು ಮಾತ್ರ, ಆದರೆ ಒಂದು ಕನ್ನಡ ಫಾಂಟಿನಲ್ಲಿ ನೂರಾರು ಆಕೃತಿಗಳಿರುತ್ತವೆ. ‘ರಾಷ್ಟ್ರೀಯ’ ಎಂಬ ಪದದ ನಡುವಿನ ‘ಷ್ಟ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿನ ಸ್ಮೃತಿಯಲ್ಲಿ ಮಾತ್ರ ಅದು ಆರು ಸಂಕೇತಗಳ ಸಾಲು. ‘ಕರ್ಮ’ದಲ್ಲಿ ರಕಾರದ ಸಂಕೇತ ಮಕಾರಕ್ಕಿಂತ ಮೊದಲು ಬರುತ್ತದೆ, ಆದರೆ ಅರ್ಕಾವತ್ತು ಮಕಾರದ ಬಲಕ್ಕೆ ಕೂರುತ್ತದೆ. ಈ ಅದಲುಬದಲನ್ನೂ ಒತ್ತಕ್ಷರಗಳನ್ನು ಅಡಿಗಿಳಿಸುವ ಕೆಲಸವನ್ನೂ ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ಹೀಗೆ ಅಕ್ಷರ ಕೆಳಮುಖವಾಗಿ ಬೆಳೆಯುವುದರಿಂದ ಸಾಲುಗಳ ನಡುವಿನ ಅಂತರ ಕನ್ನಡಕ್ಕೆ ಅಲಂಕಾರದ ಪ್ರಶ್ನೆಯಲ್ಲ, ಓದಲು ಸಾಧ್ಯವೇ ಇಲ್ಲವೇ ಎಂಬ ಪ್ರಶ್ನೆ.

ಸಾಲಿನ ಎತ್ತರವನ್ನು ಹೇಳುವ ಲೈನ್-ಹೈಟ್ ಎಂಬ ಗುಣವನ್ನು ಬಾಡಿ ಟ್ಯಾಗಿಗೆ 1.6 ಇಎಂ (ಇಎಂ ಎಂದರೆ ಅಕ್ಷರದ ಗಾತ್ರಕ್ಕೆ ಸಮನಾದ ಮಾನ) ಎಂದು ಬರೆಯುವುದಕ್ಕೂ ಬರಿಯ 1.6 ಎಂದು ಬರೆಯುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ. ಮೊದಲನೆಯ ಕ್ರಮದಲ್ಲಿ, ಅಕ್ಷರದ ಗಾತ್ರ 18 ಪಿಕ್ಸೆಲ್ ಇದ್ದರೆ ಬ್ರೌಸರ್ ಆ ಕೂಡಲೇ ಗುಣಿಸಿ 28.8 ಪಿಕ್ಸೆಲ್ ಎಂಬ ಸಿದ್ಧ ಅಳತೆಯನ್ನು ಮಕ್ಕಳಿಗೆಲ್ಲ ಹಂಚುತ್ತದೆ. 40 ಪಿಕ್ಸೆಲ್ ಗಾತ್ರದ ಶೀರ್ಷಿಕೆಗೂ ಆ 28.8 ಪಿಕ್ಸೆಲ್ಲೇ ಸಿಗುತ್ತದೆ, ಸಾಲುಗಳು ಒಂದರ ಮೇಲೊಂದು ಬೀಳುತ್ತವೆ. ಎರಡನೆಯ ಕ್ರಮದಲ್ಲಿ ಅನುಪಾತವೇ ಆನುವಂಶಿಕವಾಗಿ ಇಳಿಯುತ್ತದೆ, ಶೀರ್ಷಿಕೆ ತನ್ನ ಗಾತ್ರದಿಂದ ಗುಣಿಸಿಕೊಂಡು 64 ಪಿಕ್ಸೆಲ್ ಪಡೆಯುತ್ತದೆ. ಒಂದು ಮಾನದ ಹೆಸರನ್ನು ಅಳಿಸಿದ ಮಾತ್ರಕ್ಕೆ ಪುಟ ಓದುವಂತಾಗುತ್ತದೆ! ಇಂಗ್ಲಿಷಿಗೆ 1.4 ಸಾಕೆನಿಸಿದರೂ ಕನ್ನಡದ ಓಡುಬರಹಕ್ಕೆ, ಅಂದರೆ ಲೇಖನದ ಮುಖ್ಯ ಪಠ್ಯಕ್ಕೆ, 1.6ರಿಂದ 1.8ರವರೆಗೆ ಬೇಕೆಂಬುದು ನನ್ನ ಅಭಿಪ್ರಾಯ.

ಉಳಿದ ತಿದ್ದುಪಡಿಗಳು ಸಣ್ಣವು. ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲದ್ದರಿಂದ, ಶೀರ್ಷಿಕೆಗಳಿಗೆ ದೊಡ್ಡಕ್ಷರದಿಂದಲೇ ಗಾಂಭೀರ್ಯ ತಂದಿರುವ ಥೀಮ್ ಕನ್ನಡದಲ್ಲಿ ಸಪ್ಪೆಯಾಗುತ್ತದೆ. ಅಲ್ಲಿ ತೂಕವನ್ನೋ ಬಣ್ಣವನ್ನೋ ಬಳಸಬೇಕು. ಇಟಾಲಿಕ್ ರೂಪವಿಲ್ಲದ ಫಾಂಟನ್ನು ಬ್ರೌಸರ್ ತಾನೇ ಓರೆ ಮಾಡುವುದನ್ನು ಫಾಂಟ್-ಸಿಂಥೆಸಿಸ್ ಎಂಬ ಗುಣದಿಂದ ತಡೆಯಬಹುದು. ಪ್ರತ್ಯಯದ ಮೇಲೆ ಪ್ರತ್ಯಯ ಸೇರಿ ಬೆಳೆಯುವ ನಮ್ಮ ಪದಗಳು ಅಂಚು ದಾಟದಂತೆ ಓವರ್‌ಫ್ಲೋ-ರ‍್ಯಾಪ್ ನೋಡಿಕೊಳ್ಳುತ್ತದೆ. ಅಕ್ಷರಗಳ ನಡುವೆ ಕೃತಕ ಅಂತರ ಕೊಡುವ ಲೆಟರ್-ಸ್ಪೇಸಿಂಗ್ ಅನ್ನು ಕನ್ನಡಕ್ಕೆ ಬಳಸದಿರುವುದೇ ಕ್ಷೇಮ.

ಫಾಂಟುಗಳ ವಿಷಯದಲ್ಲಿ ಮುಂಬಯಿಗೆ ವಿಶೇಷವಾದ ಸ್ಥಾನವಿದೆ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಲಕ್ಷಾಂತರ ಜನ ಪರದೆಯ ಮೇಲೆ ಕನ್ನಡ ಓದಿದ ತುಂಗಾ ಫಾಂಟ್, ಈ ನಗರದಲ್ಲಿ ದಶಕಗಳ ಕಾಲ ಅಕ್ಷರವಿನ್ಯಾಸ ಕಲಿಸಿದ ಆರ್. ಕೆ. ಜೋಶಿಯವರ ನಿರ್ದೇಶನದಲ್ಲಿ ರೂಪುಗೊಂಡಿತು. ಇಂದು ಇಲ್ಲಿಯದೇ ಆದ ಏಕ್ ಟೈಪ್ ಬಳಗ ಬಲೂ ತಮ್ಮ ಮತ್ತು ಅನೇಕ್ ಕನ್ನಡ ಎಂಬ ಫಾಂಟುಗಳನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಿದೆ. ಅನೇಕ್ ಒಂದು ವೇರಿಯಬಲ್ ಫಾಂಟ್ ಆದ್ದರಿಂದ ಒಂದೇ ಕಡತದಲ್ಲಿ ತೂಕವನ್ನೂ ಅಗಲವನ್ನೂ ಬೇಕಾದಂತೆ ಹೊಂದಿಸಬಹುದು. ಫೋನಿನ ಕಿರಿದಾದ ಪರದೆಗೆ ಶೀರ್ಷಿಕೆಯನ್ನು ತುಸು ಒತ್ತಾಗಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಓಡುಬರಹಕ್ಕೆ ನೋಟೋ ಸೆರಿಫ್ ಕನ್ನಡ ಅಥವಾ ತೀರೋ ಕನ್ನಡ ಹೊಂದುತ್ತವೆ. ಫಾಂಟುಗಳ ಪಟ್ಟಿಯಲ್ಲಿ ರೋಮನ್ ಫಾಂಟನ್ನು ಮೊದಲು, ಕನ್ನಡದ್ದನ್ನು ಅನಂತರ ಬರೆದರೆ ಇಂಗ್ಲಿಷ್ ಪದಗಳೂ ಅಂಕಿಗಳೂ ಮೊದಲನೆಯದರಿಂದ, ಕನ್ನಡ ಎರಡನೆಯದರಿಂದ ಬರುತ್ತದೆ. ಮೊದಲ ಫಾಂಟಿನಲ್ಲಿ ಕನ್ನಡದ ಆಕೃತಿ ಸಿಗದಾಗ ಬ್ರೌಸರ್ ಮುಂದಿನದಕ್ಕೆ ಹೋಗುತ್ತದೆ, ಪಟ್ಟಿಯಲ್ಲಿ ಎಲ್ಲೂ ಕನ್ನಡ ಫಾಂಟ್ ಇಲ್ಲದಿದ್ದರೆ ಓದುಗನ ಸಾಧನದಲ್ಲಿರುವುದನ್ನು ಎತ್ತಿಕೊಳ್ಳುತ್ತದೆ. ಬರೆದವನ ಕಂಪ್ಯೂಟರಿನಲ್ಲಿ ಚೆನ್ನಾಗಿದ್ದ ಪುಟ ಓದುಗನ ಫೋನಿನಲ್ಲಿ ಬೇರೆಯಾಗಿ ಕಾಣುವುದು ಹೀಗೆ.

ವರ್ಡ್‌ಪ್ರೆಸ್ ಬಳಸುವವರಿಗೆ ಈಗ ಥೀಮ್ ಕಟ್ಟುವುದು ಹಿಂದೆಂದಿಗಿಂತ ಸುಲಭ. 2003ರಲ್ಲಿ ಹುಟ್ಟಿದ ಈ ತಂತ್ರಾಂಶಕ್ಕೆ ಥೀಮ್ ವ್ಯವಸ್ಥೆ ಬಂದದ್ದು 2005ರ 1.5ನೆಯ ಆವೃತ್ತಿಯಲ್ಲಿ. 2022ರ ಜನವರಿಯ 5.9ನೆಯ ಆವೃತ್ತಿಯಿಂದ ಪುಟದ ಭಾಗಗಳನ್ನು ತುಂಡುತುಂಡಾಗಿ ಜೋಡಿಸುವ ಬ್ಲಾಕ್ ಥೀಮುಗಳು ಚಾಲ್ತಿಗೆ ಬಂದು, ಬಣ್ಣ, ಅಳತೆ, ಫಾಂಟುಗಳನ್ನೆಲ್ಲ ಥೀಮ್ ಡಾಟ್ ಜೇಸನ್ ಎಂಬ ಒಂದೇ ಕಡತದಲ್ಲಿ ಹೇಳಬಹುದಾಗಿದೆ. ಕ್ರಿಯೇಟ್ ಬ್ಲಾಕ್ ಥೀಮ್ ಎಂಬ ಪ್ಲಗಿನ್ ಸಂಪಾದಕದಲ್ಲಿ ಮಾಡಿದ ಬದಲಾವಣೆಗಳನ್ನು ಹೊಸ ಥೀಮಾಗಿ ಹೊರತೆಗೆಯುತ್ತದೆ. ವರ್ಡ್‌ಪ್ರೆಸ್ ಪ್ಲೇಗ್ರೌಂಡ್ ಸರ್ವರಿನ ಹಂಗಿಲ್ಲದೆ ಬ್ರೌಸರಿನೊಳಗೇ ಇಡೀ ವ್ಯವಸ್ಥೆಯನ್ನು ನಡೆಸುತ್ತದೆ, ಕೆಟ್ಟರೆ ಪುಟವನ್ನು ಮತ್ತೆ ತೆರೆದರಾಯಿತು. ಗೂಗಲ್‌ನ ಬ್ಲಾಗರ್ ಸೇವೆಯಲ್ಲಿ ಇಡೀ ಥೀಮ್ ಒಂದೇ ಎಕ್ಸ್‌ಎಂಎಲ್ ಕಡತ; ಕೈಯಿಡುವ ಮುನ್ನ ಅದರ ಪ್ರತಿಯನ್ನು ಇಳಿಸಿಟ್ಟುಕೊಳ್ಳಬೇಕು. ಪರೀಕ್ಷೆಗೆ ಅರ್ಥವಿಲ್ಲದ ಲ್ಯಾಟಿನ್ ಪಠ್ಯವನ್ನು ತುಂಬುವುದು ನಮಗೆ ನಿಷ್ಪ್ರಯೋಜಕ. ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’, ‘ಕೈಂಕರ್ಯ’, ‘ಮಾಡಬೇಕಾಗಿರುವುದರಿಂದ’ ಮುಂತಾದ ಪದಗಳಿರುವ ಒಂದು ಪರೀಕ್ಷಾ ಪಠ್ಯವನ್ನು ತಾವೇ ಸಿದ್ಧಪಡಿಸಿಟ್ಟುಕೊಂಡು, ಇನ್‌ಸ್ಪೆಕ್ಟರಿನ ಫೋನ್ ಪರದೆಯನ್ನು ಅನುಕರಿಸುವ ಸಾಧನ ಕ್ರಮದಲ್ಲಿ 360 ಪಿಕ್ಸೆಲ್ ಅಗಲದಲ್ಲಿ ನೋಡಬೇಕು.

ಕಲಿಕೆಗೆ ನಾನು ಮೊದಲು ಸೂಚಿಸುವುದು ಎಂಡಿಎನ್ ತಾಣವನ್ನು. ಫೈರ್‌ಫಾಕ್ಸ್‌ನ ಸಂಸ್ಥೆಯಾದ ಮೊಜಿಲ್ಲಾ 2005ರಲ್ಲಿ ಆರಂಭಿಸಿದ ಈ ಆಕರದಲ್ಲಿ ಕ್ಯಾಸ್ಕೇಡ್ ಕುರಿತ ಪುಟವೊಂದನ್ನು ನಿಧಾನವಾಗಿ ಓದಿದರೆ ಹತ್ತು ವಿಡಿಯೊಗಳ ಹೊತ್ತು ಉಳಿಯುತ್ತದೆ. ಫ್ಲೆಕ್ಸ್‌ಬಾಕ್ಸ್ ಫ್ರಾಗಿ ಮತ್ತು ಗ್ರಿಡ್ ಗಾರ್ಡನ್ ಎಂಬ ಆಟಗಳು ಪುಟದ ಅಂಕಣಗಳನ್ನು ಜೋಡಿಸುವುದನ್ನು ಒಂದು ಸಂಜೆಯಲ್ಲಿ ಕಲಿಸಿಬಿಡುತ್ತವೆ. ಇಂಗ್ಲಿಷಿನ ಅಳುಕಿದ್ದವರಿಗೆ ಪೊವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ದೊಡ್ಡ ಆಸರೆ. ಇಂಕ್‌ಸ್ಕೇಪ್, ಜಿಂಪ್, ಪಿಎಚ್‌ಪಿ ಮುಂತಾದ ಮುಕ್ತ ತಂತ್ರಾಂಶಗಳ ಕಿರುಪಾಠಗಳನ್ನು ಅದು ತಯಾರಿಸಿ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಧ್ವನಿ ನೀಡುತ್ತ ಬಂದಿದೆ. ಮಾತುಂಗದ ಮೈಸೂರು ಅಸೋಸಿಯೇಶನ್ನಿನಂಥ ಸಂಸ್ಥೆಗಳ ಸಭಾಂಗಣದಲ್ಲಿ ಇಂಥ ಪಾಠಗಳನ್ನು ಒಟ್ಟಾಗಿ ಕುಳಿತು ನೋಡುವ ಏರ್ಪಾಡಾದರೆ ಎಷ್ಟೋ ಹಿರಿಯ ಬರಹಗಾರರಿಗೆ ಅನುಕೂಲವಾದೀತು.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡುವಂತಿಲ್ಲ. ಹಣ ಕೊಟ್ಟು ಕೊಳ್ಳಬೇಕಾದ ಥೀಮುಗಳ ಕದ್ದ ಪ್ರತಿಗಳು ಪುಕ್ಕಟೆಯಾಗಿ ಹರಿದಾಡುತ್ತವೆ, ಅವುಗಳೊಳಗೆ ಬೇರೆ ತಾಣಗಳ ಕೊಂಡಿಗಳನ್ನೋ ಹಿಂಬಾಗಿಲುಗಳನ್ನೋ ಅಡಗಿಸಿಟ್ಟಿರುವುದು ಸಾಮಾನ್ಯ. ಪಿಎಚ್‌ಪಿ ಕಡತದಲ್ಲಿ ಓದಲಾಗದ ಅಕ್ಷರಗಳ ಉದ್ದ ಸಾಲೂ ಅದರ ಪಕ್ಕದಲ್ಲಿ ಮರೆಮಾಚಿದ ಪಠ್ಯವನ್ನು ಬಿಡಿಸುವ ಬೇಸ್64 ಡಿಕೋಡ್ ಎಂಬ ಕರೆಯೂ ಕಂಡರೆ ಆ ಥೀಮನ್ನು ಸ್ಥಾಪಿಸಬಾರದು. ವರ್ಡ್‌ಪ್ರೆಸ್‌ನ ಅಧಿಕೃತ ಸಂಗ್ರಹದಲ್ಲಿರುವ ಯಾವುದೇ ಥೀಮ್ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿ ಅಥವಾ ಅದಕ್ಕೆ ಹೊಂದುವ ಪರವಾನಗಿಯಲ್ಲಿರುವುದರಿಂದ ಅದನ್ನು ಬಿಚ್ಚಿ, ಬದಲಿಸಿ, ಹಂಚುವ ಹಕ್ಕು ನಮಗಿದೆ. ಅನೇಕ್ ಮತ್ತು ನೋಟೋಗಳ ಓಎಫ್‌ಎಲ್ ಪರವಾನಗಿ ಫಾಂಟ್ ಕಡತಗಳನ್ನು ಥೀಮಿನೊಳಗೇ ಇಟ್ಟು ಕೊಡಲೂ ಅವಕಾಶ ನೀಡುತ್ತದೆ. ಪರವಾನಗಿಯ ಪ್ರತಿಯನ್ನು ಜೊತೆಗಿಡಬೇಕು, ಫಾಂಟನ್ನಷ್ಟೇ ಬಿಡಿಯಾಗಿ ಮಾರಬಾರದು.