ಮುಳ್ಳು ಸವರಿದರೆ ಕಳಲೆ ಉಳಿಯದು

1950ರ ದಶಕದ ಕೊನೆಗೆ ದಾಂಡೇಲಿಯಲ್ಲಿ ಕಾಗದ ಕಾರ್ಖಾನೆ ಶುರುವಾದಾಗ, ಉತ್ತರ ಕನ್ನಡದ ಬಿದಿರು ಎಷ್ಟು ಕಡಿದರೂ ಚಿಗುರುತ್ತದೆ ಅನ್ನುವುದು ಅಂದಿನ ಲೆಕ್ಕ. ಎರಡು ದಶಕ ತುಂಬುವ ಮೊದಲೇ ಮೆಳೆಗಳು ಸೊರಗಿದವು. ದೂರು ಹೋದದ್ದು ದನ ಮೇಯಿಸುವವರ ಮೇಲೆ. 1970ರ ದಶಕದಲ್ಲಿ ಪರಿಸರ ವಿಜ್ಞಾನಿಗಳಾದ ಮಾಧವ ಗಾಡ್ಗೀಳ್ ಮತ್ತು ನರೇಂದ್ರ ಪ್ರಸಾದ್ ಮೆಳೆಗಳನ್ನು ಅಳೆದು ನೋಡಲು ಹೊರಟಾಗ ಹಳ್ಳಿಯವರು ತೋರಿಸಿದ್ದು ಬೇರೆಯದೇ ಕಾರಣ: ಬುಡದ ಮುಳ್ಳು.

ಮುಳ್ಳುಬಿದಿರಿನ ಬುಡದಲ್ಲಿ ಮುಳ್ಳುಕೊಂಬೆಗಳು ಹೆಣೆದುಕೊಂಡಿರುತ್ತವೆ. ಕಡಿಯುವವರಿಗೆ ಅದು ಕಾಟ. ಹಾಗಾಗಿ ಮೊದಲು ಅದನ್ನು ಸವರಿ ಹಾಕುವುದು, ಮೆಳೆಯನ್ನು 'ಚೊಕ್ಕಟ' ಮಾಡುವುದು, ಶಾಸ್ತ್ರೀಯ ಕ್ರಮವೆಂದೇ ನಡೆದಿತ್ತು. ಮಳೆಗಾಲದಲ್ಲಿ ಏಳುವ ಕಳಲೆಗೆ, ಅಂದರೆ ಬಿದಿರಿನ ಎಳೆ ಮೊಳಕೆಗೆ, ಆ ಮುಳ್ಳೇ ಬೇಲಿ. ಬೇಲಿ ಹೋದ ಮೇಲೆ ಮುಸುವ, ಕಾಡುಹಂದಿ, ಮುಳ್ಳುಹಂದಿ, ದನ ಎಲ್ಲಕ್ಕೂ ಅದು ಸುಲಭದ ಮೇವಾಯಿತು. ಅಧ್ಯಯನವೂ ಹಳ್ಳಿಯವರ ಮಾತನ್ನೇ ಎತ್ತಿಹಿಡಿಯಿತು.

ಗಳ ಕಡಿಯುವುದರಲ್ಲೂ ಲೆಕ್ಕವಿದೆ. ಬಿದಿರು ಒಂದೇ ಹಂಗಾಮಿನಲ್ಲಿ ಪೂರ್ತಿ ಎತ್ತರಕ್ಕೆ ಬೆಳೆದುಬಿಡುತ್ತದೆ, ಆದರೆ ಬಲಿಯಲು ಸುಮಾರು ಮೂರು ವರ್ಷ ಬೇಕು. ಎಳೆಯದು ಹಚ್ಚಹಸಿರು, ಗೆಣ್ಣಿಗೆ ಹಾಳೆ ಅಂಟಿರುತ್ತದೆ. ಬಲಿತದ್ದು ಮಂಕಾಗಿ, ಕಲೆ ಹತ್ತಿರುತ್ತದೆ. ಹೊಸ ಗಳ ಏಳುವುದು ಹೆಚ್ಚಾಗಿ ಮೆಳೆಯ ಅಂಚಿನಲ್ಲಿ, ಮುದಿಯವು ಉಳಿಯುವುದು ನಡುವೆ. ಆದ್ದರಿಂದ ಒಂದು ಬದಿಯಿಂದ ಕುದುರೆ ಲಾಳದ ಆಕಾರದಲ್ಲಿ ದಾರಿ ಬಿಡಿಸಿಕೊಂಡು ಒಳಹೊಕ್ಕು ಮುದಿ ಗಳ ತೆಗೆಯಬೇಕು. ನೆಲದಿಂದ ಗೇಣು ಮೇಲೆ, ಗೆಣ್ಣಿನ ತುಸು ಮೇಲಕ್ಕೆ ಕಡಿಯಬೇಕು. ಮಳೆಗಾಲದಲ್ಲಿ ಕೊಡಲಿ ಮುಟ್ಟಿಸಬಾರದು. ಒಮ್ಮೆ ಕಡಿದ ಮೆಳೆಗೆ ಮೂರು–ನಾಲ್ಕು ವರ್ಷ ಬಿಡುವು. ಕೂಲಿ ತೂಕದ ಮೇಲಿದ್ದರೆ ಇದೆಲ್ಲ ಕಾಗದದಲ್ಲೇ ಉಳಿಯುತ್ತದೆ: ಅಂಚಿನ ಎಳೆ ಗಳ ಕೈಗೆಟುಕುವಾಗ ನಡುವಿಗೆ ನುಗ್ಗುವವರು ಯಾರು? ಕಾಗದ ಮಾಡುವ ಒಂದು ಟನ್ ತಿರುಳಿಗೆ ಎರಡು ಟನ್ನಿಗೂ ಮಿಕ್ಕಿ ಒಣ ಬಿದಿರು ಬೇಕಾಗುವುದರಿಂದ ಅವಸರವೂ ಇತ್ತು.

1988ರ ರಾಷ್ಟ್ರೀಯ ಅರಣ್ಯ ನೀತಿ ಕಾರ್ಖಾನೆಗಳಿಗೆ ರಿಯಾಯಿತಿ ದರದ ಕಾಡುತ್ಪತ್ತಿ ನಿಲ್ಲಬೇಕೆಂದಿತು, ರೈತರಿಂದ ಮರ ಕೊಳ್ಳಿ ಎಂದಿತು. ನೀಲಗಿರಿ, ಸುಬಾಬುಲ್, ಗಾಳಿಮರ ಹೊಲಕ್ಕೆ ಬಂದವು. ನೀಲಗಿರಿಯ ನಾರು ಒಂದು ಮಿಲಿಮೀಟರಿಗೂ ಗಿಡ್ಡ; ಬಿದಿರಿನದು ಅದರ ಎರಡು ಪಟ್ಟಿಗೂ ಉದ್ದ. ಹರಿಯದ ಕಾಗದಕ್ಕೆ ಉದ್ದ ನಾರು ಬೇಕೇ ಬೇಕು.

ಬಿದಿರನ್ನೇ ನೆಚ್ಚುವವರು ಹೂವಿನ ವರ್ಷವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮುಳ್ಳುಬಿದಿರು ಸುಮಾರು 40–45 ವರ್ಷಕ್ಕೊಮ್ಮೆ ಒಟ್ಟಿಗೆ ಹೂಬಿಟ್ಟು ಸಾಯುತ್ತದೆ. ಬಿದಿರಕ್ಕಿ ಉದುರುವ ತನಕ ಮೆಳೆ ಮುಟ್ಟದೆ, ಆಮೇಲೆ ಒಣ ಗಳ ಹೊರತೆಗೆದು, ಬೆಂಕಿಯನ್ನೂ ದನವನ್ನೂ ದೂರವಿಟ್ಟರೆ ಸಸಿ ಏಳುತ್ತದೆ. ಅದು ಕಡಿಯುವ ಹದಕ್ಕೆ ಬರಲು ಮತ್ತೆ ಹತ್ತು ವರ್ಷದ ಆಸುಪಾಸು.