ಎರಡು ಸುತ್ತಿನ ಬಲ

ತಿಪಟೂರಿನ ಕಡೆ ತೆರೆದ ಬಾವಿಗೆ ಪಂಪ್‌ಸೆಟ್ ಇಳಿಸುವಾಗ ಹಗ್ಗವನ್ನು ಪಕ್ಕದ ತೆಂಗಿನ ಬುಡಕ್ಕೆ ಎರಡು ಸುತ್ತು ಹಾಕಿ, ತುದಿಯನ್ನು ಒಬ್ಬನೇ ಹಿಡಿದು ನಿಧಾನವಾಗಿ ಸಡಿಲಿಸುತ್ತಾನೆ. ನೋಡುವವರು ಅವನ ರಟ್ಟೆಯನ್ನು ಹೊಗಳುತ್ತಾರೆ. ಭಾರವನ್ನು ಹೊತ್ತಿರುವುದು ಮಾತ್ರ ಆ ಎರಡು ಸುತ್ತು. ಸಮುದ್ರದ ನಡುವೆ ಹಾಯಿದೋಣಿಯ ಸಲಕರಣೆ ಕೈಕೊಟ್ಟಾಗ ನಾವಿಕನನ್ನು ಕಾಪಾಡುವುದೂ ಇದೇ ತತ್ತ್ವ.

ಎಲ್ಲ ವೈಫಲ್ಯಗಳನ್ನೂ ಹಗ್ಗದಿಂದ ಸರಿಪಡಿಸಲಾಗದು. ನೌಕಾಪಡೆಯ ಮಹಿಳಾ ಅಧಿಕಾರಿಗಳು ವಿಶ್ವ ಪರ್ಯಟನೆ ಮಾಡಿದ 'ತಾರಿಣಿ' ದೋಣಿಯ ಚುಕ್ಕಾಣಿ ವ್ಯವಸ್ಥೆ 2018ರಲ್ಲಿ ಕೆಟ್ಟಾಗ, ದುರಸ್ತಿಗಾಗಿ ಅವರು ಮಾರಿಷಸ್‌ನ ಪೋರ್ಟ್ ಲೂಯಿ ಬಂದರಿಗೆ ಹೋಗಬೇಕಾಯಿತು. ಆದರೆ ಹಾಯಿಯ ಹಗ್ಗವನ್ನು ಕಚ್ಚಿ ಹಿಡಿಯುವ ಕ್ಲೀಟ್ ಮುರಿದರೆ ಬಂದರು ಹುಡುಕಬೇಕಿಲ್ಲ. ಗಟ್ಟಿಯಾದ ಯಾವುದಾದರೂ ಕಂಬಕ್ಕೆ ಹಗ್ಗವನ್ನು ಸುತ್ತಿದರೆ ಸಾಕು.

ಹಾಯಿಯ ಎಳೆತ 200 ಕಿಲೋ ಇದೆ, ಹಗ್ಗ ಮತ್ತು ಕಂಬದ ನಡುವಿನ ಘರ್ಷಣಾಂಕ, ಅಂದರೆ ಅವು ಒಂದನ್ನೊಂದು ಎಷ್ಟು ತಡೆಯುತ್ತವೆ ಎಂಬುದರ ಅಳತೆ, 0.25 ಎಂದುಕೊಳ್ಳೋಣ. ಒಂದು ಪೂರ್ಣ ಸುತ್ತಿನ ನಂತರ ಕೈಗೆ ಉಳಿಯುವ ಎಳೆತ ಸುಮಾರು 42 ಕಿಲೋ. ಎರಡು ಸುತ್ತಿಗೆ 9 ಕಿಲೋಗಿಂತ ಕಡಿಮೆ. ಮೂರಕ್ಕೆ 2 ಕಿಲೋವೂ ಇಲ್ಲ. ಇದು ಚಕ್ರಬಡ್ಡಿಯನ್ನು ಹಿಂದುಮುಂದಾಗಿಸಿದ ಲೆಕ್ಕ. ಹಗ್ಗದ ಪ್ರತಿ ತುಣುಕೂ ತನಗೆ ಬಂದ ಎಳೆತದಲ್ಲಿ ಒಂದೇ ಪ್ರಮಾಣದ ಪಾಲನ್ನು ಕಂಬಕ್ಕೆ ಕೊಟ್ಟು, ಉಳಿದುದನ್ನು ಮುಂದಿನ ತುಣುಕಿಗೆ ದಾಟಿಸುತ್ತದೆ. ಕಾಲುವೆಯ ಮೊದಲ ಗದ್ದೆಯವನು ತನ್ನ ಪಾಲನ್ನು ತಿರುಗಿಸಿಕೊಂಡು ಮಿಕ್ಕ ನೀರನ್ನು ಕೆಳಗಿನವನಿಗೆ ಬಿಟ್ಟಂತೆ. ಈ ಲೆಕ್ಕಕ್ಕೆ ಹದಿನೆಂಟನೆಯ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಅವರ ಹೆಸರು ಸೇರಿಕೊಂಡಿದೆ.

ಕಂಬ ದಪ್ಪವಿದ್ದಷ್ಟೂ ಹಿಡಿತ ಹೆಚ್ಚು ಎಂಬ ನಂಬಿಕೆ ಎಲ್ಲೆಡೆ ಇದೆ, ಅದು ತಪ್ಪು. ದಪ್ಪ ಕಂಬದ ಮೇಲೆ ಹಗ್ಗ ಹೆಚ್ಚು ಉದ್ದಕ್ಕೆ ತಾಗುತ್ತದೆ, ನಿಜ. ಆದರೆ ಅಷ್ಟೇ ಪ್ರಮಾಣದಲ್ಲಿ ಪ್ರತಿ ಅಂಗುಲದ ಒತ್ತುವಿಕೆ ಇಳಿಯುತ್ತದೆ, ಒಂದು ಇನ್ನೊಂದನ್ನು ಸರಿದೂಗಿಸುತ್ತದೆ. ಲೆಕ್ಕಕ್ಕೆ ಬರುವುದು ಸುತ್ತುಗಳ ಸಂಖ್ಯೆ ಮತ್ತು ಮೈಯ ಒರಟುತನ. ನುಣುಪಾದ ಕಂಬದಲ್ಲಿ ಘರ್ಷಣಾಂಕ 0.15ಕ್ಕೆ ಇಳಿದರೆ ಎರಡು ಸುತ್ತಿನ ನಂತರವೂ 30 ಕಿಲೋ ಉಳಿಯುತ್ತದೆ. ಆಗ ಇನ್ನೊಂದು ಸುತ್ತು ಹಾಕಬೇಕು. ಈ ಕಾರಣಕ್ಕಾಗಿಯೇ ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳುವುದು ಅಪಾಯಕಾರಿ. ಹಗ್ಗಕ್ಕೆ ಕೈಯೂ ಒಂದು ಕಂಬವೇ.

2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದವು. ಗಣಿಗೆ ಜನರ ತೊಟ್ಟಿಲನ್ನು ಇಳಿಸುವ, ಹಗ್ಗ ಸುತ್ತಿದ ಡ್ರಮ್‌ಗಳಲ್ಲಿ ತೊಟ್ಟಿಲು ತಳ ಮುಟ್ಟಿದಾಗಲೂ ಹಗ್ಗದ ಕೆಲವು ಸುತ್ತು ಉಳಿಸಿಕೊಳ್ಳುವುದು ಎಂಜಿನಿಯರಿಂಗ್‌ನ ಕಟ್ಟುನಿಟ್ಟಾದ ಪದ್ಧತಿ. ಆ ಸುತ್ತುಗಳೇ ಭಾರವನ್ನು ನುಂಗುವುದರಿಂದ, ಹಗ್ಗದ ತುದಿಯನ್ನು ಡ್ರಮ್‌ಗೆ ಬಿಗಿದ ಜಾಗಕ್ಕೆ ತಲುಪುವ ಎಳೆತ ಅತ್ಯಲ್ಪ. ಹೊಸ ಯಂತ್ರಕ್ಕೆ ನಿಂಬೆಹಣ್ಣು ಕಟ್ಟುವವರು ಅದರ ಡ್ರಮ್ ಮೇಲಿನ ಸುತ್ತುಗಳನ್ನೂ ಎಣಿಸುವಂತಾಗಬೇಕೆಂಬುದು ನನ್ನ ಬಹುದಿನದ ಆಸೆ.

ಇದೇ ಘರ್ಷಣೆ ಕೆಲವೊಮ್ಮೆ ಎದುರಾಳಿಯೂ ಆಗುತ್ತದೆ. ಹಾಯಿದೋಣಿಯಲ್ಲಿ ಹಗ್ಗವನ್ನು ಸುತ್ತಿ ಎಳೆಯುವ ಉರುಳೆಯಾದ ವಿಂಚ್‌ಗೆ ಹಗ್ಗವು ಮೇಲಿನಿಂದ ಓರೆಯಾಗಿ ಬಂದರೆ ಒಂದು ಸುತ್ತು ಇನ್ನೊಂದರ ಮೇಲೇರಿ ಕೂರುತ್ತದೆ. ಅಡಿಯಲ್ಲಿ ಸಿಕ್ಕಿದ ಸುತ್ತನ್ನು ಹಾಯಿಯ ಎಳೆತವೇ ಅದುಮಿ ಹಿಡಿಯುವುದರಿಂದ, ಕೈಯ ಕಡೆಯ ತುದಿಯನ್ನು ಬಿಟ್ಟರೂ ಹಗ್ಗ ಸಡಿಲವಾಗದು. ಬಿಡಿಸಲು ಬೆರಳು ಹಾಕಿದರೆ ಬೆರಳೇ ಹೋದೀತು. ಆಗ ಎರಡನೆಯ ಹಗ್ಗವೊಂದನ್ನು, ಹಾಯಿಗೂ ವಿಂಚ್‌ಗೂ ನಡುವಿನ ಬಿಗಿದ ಹಗ್ಗದ ಮೇಲೆ ಕೆಲವು ಸುತ್ತು ಹಾಕಿ, ಕೊನೆಗೊಂದು ಕುಣಿಕೆಯಿಂದ ಭದ್ರಪಡಿಸಿ, ಬೇರೆ ವಿಂಚ್‌ನಿಂದ ಎಳೆಯುತ್ತಾರೆ. ಇಲ್ಲಿ ಬಿಗಿದ ಹಗ್ಗವೇ ಕಂಬ; ಎಳೆದಷ್ಟೂ ಸುತ್ತುಗಳು ಅದನ್ನು ಬಲವಾಗಿ ಹಿಡಿಯುತ್ತವೆ. ಭಾರವೆಲ್ಲ ಹೊಸ ಹಗ್ಗಕ್ಕೆ ಬಂದ ಮೇಲೆ, ಮೊದಲಿನ ವಿಂಚ್‌ನಲ್ಲಿ ಸಿಕ್ಕಿಕೊಂಡ ಸುತ್ತು ತಾನಾಗಿಯೇ ಸಡಿಲಗೊಂಡು ಕೈಗೆ ಬರುತ್ತದೆ.