ಟಾರ್ಚಿನ ಬಿಸಿ ಎಲ್ಲಿಗೆ ಹೋಗಬೇಕು?

"ಇದಕ್ಕೆ ಇನ್ನೂ ಜೋರಿನ ಎಲ್‌ಇಡಿ ಹಾಕಿಕೊಡಿ ಮಾರಾಯ್ರೇ" ಅಂತ ಟಾರ್ಚ್ ಹಿಡಿದು ಬರುವವರು ಶಿರಸಿಯಲ್ಲಿ ಈಗ ಜಾಸ್ತಿಯಾಗಿದ್ದಾರೆ. ತೋಟದವರು, ಚಾರಣಕ್ಕೆ ಹೋಗುವ ಹುಡುಗರು, ರಾತ್ರಿ ಯಕ್ಷಗಾನದ ಆಟ ನೋಡಿ ಕಾಲುದಾರಿಯಲ್ಲಿ ಮನೆಗೆ ಮರಳುವವರು. ಕೆಲವರು ಸೋಲ್ಡರಿಂಗ್ ಐರನ್ ಕೊಂಡು ತಾವೇ ಬಿಚ್ಚಿ ಕಲಿಯುತ್ತಿದ್ದಾರೆ. ಎಲೆಕ್ಟ್ರಾನಿಕ್ಸ್ ರಿಪೇರಿಯನ್ನೇ ಕಸುಬು ಮಾಡಿಕೊಂಡ ನನಗೆ ಇದು ತುಂಬಾ ಖುಷಿ ಕೊಡುವ ಸಂಗತಿ. ಅವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಎಲ್‌ಇಡಿಯನ್ನು ಕೊನೆಗೆ ಕೊಳ್ಳಿ. ಮೊದಲು ಬಿಸಿ ಹೊರಗೆ ಹೋಗಲು ದಾರಿ ಮಾಡಿ.

ಲೆಕ್ಕ ಕಷ್ಟದ್ದಲ್ಲ. ಬಿಳಿ ಎಲ್‌ಇಡಿಯಲ್ಲಿ 3 ಆಂಪಿಯರ್ ಹರಿಸಿದರೆ ಅದರ ಮೇಲೆ ಸುಮಾರು 3.3 ವೋಲ್ಟ್ ಬೀಳುತ್ತದೆ. ಅಂದರೆ 10 ವ್ಯಾಟ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಸಿಯಾಗಿಯೇ ಹೋಗುತ್ತದೆ. ಆ ಬಿಸಿ ಹುಟ್ಟುವ ಚಿಪ್ ಕೆಲವೇ ಮಿಲಿಮೀಟರ್ ಅಗಲದ್ದು. ಚಿಪ್ ಕಾದಷ್ಟೂ ಬೆಳಕು ಇಳಿಯುತ್ತದೆ, ಅದರ ಆಯಸ್ಸೂ ಕಡಿಮೆಯಾಗುತ್ತದೆ.

ಅಗ್ಗದ ಟಾರ್ಚ್ ಬಿಚ್ಚಿ ನೋಡಿ. ಎಲ್‌ಇಡಿ ಕೂತಿರುವುದು ಅಲ್ಯೂಮಿನಿಯಂ ಬಿಲ್ಲೆಯ ಮೇಲೆ. ಬಿಲ್ಲೆಯ ಮೇಲೆ ವಿದ್ಯುತ್ ಹರಿಯುವ ತಾಮ್ರದ ಪದರಕ್ಕೂ ಅಲ್ಯೂಮಿನಿಯಂಗೂ ನಡುವೆ ವಿದ್ಯುತ್ ತಡೆಯುವ ತೆಳು ಪದರ ಇರುತ್ತದೆ. ಅದು ಬಿಸಿಯನ್ನೂ ತಡೆಯುತ್ತದೆ. ಬಿಲ್ಲೆಯ ಕೆಳಗೆ ಟೊಳ್ಳಾದ ಬಟ್ಟಲು, ಅದರ ತಿರುಪಿನ ಗೆರೆಗಳೂ ಸಡಿಲ. ಇಂಥ ಟಾರ್ಚಿಗೆ ಎಷ್ಟೇ ದುಬಾರಿ ಎಲ್‌ಇಡಿ ಹಾಕಿದರೂ ಎರಡು ನಿಮಿಷದಲ್ಲಿ ಮಂಕಾಗುತ್ತದೆ. ಬದಲಿಗೆ ಎಲ್‌ಇಡಿಯ ಅಡಿಯ ನಡುವಿನ ಪ್ಯಾಡ್ ನೇರವಾಗಿ ತಾಮ್ರಕ್ಕೇ ಬೆಸೆಯುವಂಥ ತಾಮ್ರದ ಬಿಲ್ಲೆ ಸಿಗುತ್ತದೆ. ಅದನ್ನು ತನ್ನಿ. ಕೆಳಗಿನ ಲೋಹವನ್ನು ನಯವಾದ ಉಜ್ಜುಕಾಗದದಲ್ಲಿ ಸಮ ಮಾಡಿ. ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ತೆಳ್ಳಗೆ ಹಚ್ಚಿ, ಸ್ಕ್ರೂ ಹಾಕಿ ಒತ್ತಿ ಕೂರಿಸಿ. ದಪ್ಪ ಪೇಸ್ಟ್ ಲಾಭಕ್ಕಿಂತ ನಷ್ಟ. ರಿಫ್ಲೆಕ್ಟರಿನ ತಳ ಬೆಸುಗೆಗೆ ತಾಗದಂತೆ ಬಿಸಿ ತಾಳುವ, ವಿದ್ಯುತ್ ತಡೆಯುವ ಕ್ಯಾಪ್ಟಾನ್ ಟೇಪ್ ಕೊಡಲೇಬೇಕು. ಇಲ್ಲದಿದ್ದರೆ ಶಾರ್ಟ್ ಆಗುತ್ತದೆ.

ಕೆಲಸ ಸರಿಯಾಯಿತೋ ಇಲ್ಲವೋ ಅಂತ ತಿಳಿಯಲು ಕೈಯೇ ಸಾಕು. ಹೊತ್ತಿಸಿದ ಸ್ವಲ್ಪ ಹೊತ್ತಿಗೇ ಟಾರ್ಚಿನ ತಲೆ ಬೆಚ್ಚಗಾದರೆ ಹೆದರಬೇಡಿ. ಬಿಸಿ ಹೊರಗೆ ಬರುತ್ತಿದೆ. ಬೆಳಕು ಇಳಿಯುತ್ತಿದೆ, ಮೈ ಮಾತ್ರ ತಣ್ಣಗಿದೆ ಅಂದರೆ ಬಿಸಿ ಒಳಗೇ ಸಿಕ್ಕಿಕೊಂಡಿದೆ. ಮತ್ತೆ ಬಿಚ್ಚಿ.

ದಾರಿ ಸರಿಯಾದ ಮೇಲೂ ಆಂಪಿಯರ್ ಏರಿಸುವ ಆಸೆ ಸುಮ್ನೆ ಬಿಡುವುದಿಲ್ಲ. ಆದರೆ ನಮ್ಮ ಕಣ್ಣಿಗೆ ಬೆಳಕು ಎರಡು ಪಟ್ಟಾಯಿತು ಅನ್ನಿಸಬೇಕಾದರೆ ನಿಜವಾಗಿ ಸುಮಾರು ನಾಲ್ಕು ಪಟ್ಟು ಬೆಳಕು ಬೇಕು. ಬೀಮ್ ಹೋಗುವ ದೂರಕ್ಕೂ ಇದೇ ಲೆಕ್ಕ. 10,000 ಕ್ಯಾಂಡೆಲಾದ (ಕ್ಯಾಂಡೆಲಾ ಅಂದರೆ ಬೀಮಿನ ತೀಕ್ಷ್ಣತೆಯ ಅಳತೆ) ಟಾರ್ಚ್ ಪೆಟ್ಟಿಗೆಯ ಲೆಕ್ಕದಲ್ಲಿ 200 ಮೀಟರ್ ಹೋದರೆ, 400 ಮೀಟರಿಗೆ 40,000 ಬೇಕು. ಅದೂ ಕೊನೆಯಲ್ಲಿ ಬೀಳುವುದು 0.25 ಲಕ್ಸ್, ಹುಣ್ಣಿಮೆಯ ಬೆಳದಿಂಗಳಷ್ಟು. ಪೆಟ್ಟಿಗೆಯ ಮೇಲಿನ ದೂರದಲ್ಲಿ ಅರ್ಧ ಉಪಯೋಗಕ್ಕೆ ಬಂದರೆ ನನಗೆ ಸಮಾಧಾನ.

ಹಾಗಾಗಿ ದುಡ್ಡನ್ನು ಬೆಳಕಿನ ಬಣ್ಣಕ್ಕೆ ಹಾಕಿ ಅನ್ನುತ್ತೇನೆ. ಪೇಟೆಯಲ್ಲಿ ಸಿಗುವ ಬಹುತೇಕ ಟಾರ್ಚುಗಳದ್ದು 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸಿನ ನೀಲಿ ಬಿಳಿ, ಸಿಆರ್‌ಐ, ಅಂದರೆ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ನೂರರ ಅಂಕ, 70ರ ಹತ್ತಿರ. ಆ ಬೆಳಕಿನಲ್ಲಿ ಕೆಂಪು ಕಂದು ಬಣ್ಣಗಳು ಸತ್ತೇ ಹೋಗುತ್ತವೆ. ತೋಟದ ದರಕಿನ (ಒಣ ಎಲೆಯ) ಮೇಲೆ ಕೊಳಕುಮಂಡಲ ಹಾವು ಮಲಗಿದ್ದರೆ ದರಕಿನಲ್ಲೇ ಬೆರೆತು ಹೋಗುತ್ತದೆ. ನಿಚಿಯಾ 519ಎ, ಇಲ್ಲವೇ ಲ್ಯೂಮಿನಸ್ ಎಸ್‌ಎಸ್‌ಟಿ-20ರ 4000 ಕೆಲ್ವಿನ್ ಎಲ್‌ಇಡಿಯ ಸಿಆರ್‌ಐ 90 ದಾಟುತ್ತದೆ. ಲ್ಯೂಮೆನ್, ಅಂದರೆ ಒಟ್ಟು ಬೆಳಕು, ಸ್ವಲ್ಪ ಕಮ್ಮಿ, ನಿಜ. ಆದರೆ ಕಂದಿನ ಮೇಲಿನ ಕಂದು ಬೇರೆಯಾಗಿ ಕಾಣುತ್ತದೆ. ಕಾಲಿಡುವ ಮೊದಲು ಬೇಕಾದದ್ದು ಅದೇ ಅಲ್ವಾ?

ತೋಟದವರಿಗೆ ದೂರ ಹೋಗುವ ಬೀಮ್ ಬೇಡ. ಒಂಬತ್ತು ಅಡಿಗೊಂದು ಅಡಿಕೆ ಮರ. ಚೂಪು ಬೀಮ್ ಮೊದಲ ಮರಕ್ಕೇ ಬಡಿದು ಕಣ್ಣು ಕುಕ್ಕುತ್ತದೆ, ಹಿಂದಿನದೆಲ್ಲ ಕತ್ತಲು. ಅಗಲ ಹರಡುವ ಲೆನ್ಸ್ ಹಾಕಿ. ಮಳೆ, ಮಂಜು ಇದ್ದಾಗ ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿಯಿರಿ. ಹಣೆಗೆ ಕಟ್ಟಿದರೆ ಹನಿಗಳಿಂದ ವಾಪಸ್ ಬರುವ ಬೆಳಕೆಲ್ಲ ನೇರ ಕಣ್ಣಿಗೆ. ಚೂಪು ಬೀಮ್ ಬೇಕಾಗುವುದು ಕರಾವಳಿಯಲ್ಲಿ, ನೀರಿನ ಮೇಲೆ ಬಲೆಯ ಬೋಯಾ (ತೇಲುವ ಗುರುತು) ಹುಡುಕುವವರಿಗೆ. ಶಿಕಾರಿಗೆ ಅಂತ ಕೇಳಿ ಬಂದರೆ ನಾನು ಮಾಡಿಕೊಡುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಅದನ್ನು ಅಪರಾಧ ಅನ್ನುತ್ತದೆ. ಬೆಳಕು ಬಿದ್ದು ಕಣ್ಣು ಕೋರೈಸಿ ನಿಂತ ಪ್ರಾಣಿಗೆ ಓಡಲೂ ಆಗುವುದಿಲ್ಲ.

ನನಗೆ ತುಂಬಾ ಇಷ್ಟದ ಕೆಲಸ ಕೆಂಪು ಟಾರ್ಚ್. ಕಾರವಾರದ ದೇವಬಾಗ, ಹೊನ್ನಾವರದ ಟೊಂಕ ತೀರಗಳಿಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಮರಿಗಳು ಬೆಳಕಿದ್ದ ಕಡೆ ತಿರುಗುತ್ತವೆ. ಬಿಳಿ ಟಾರ್ಚ್ ಬಿಟ್ಟರೆ ಸಮುದ್ರ ಬಿಟ್ಟು ದಡದ ಕಡೆ ಬರುತ್ತವೆ. ಗೂಡು ಕಾಯುವವರಿಗೆ ಮಂದ ಕೆಂಪೇ ವಾಸಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಕೆಂಪು ಎಲ್‌ಇಡಿಗೆ 2.1 ವೋಲ್ಟ್ ಆಸುಪಾಸು ಸಾಕು. ಪೂರ್ತಿ ಚಾರ್ಜಾದ ಲಿಥಿಯಂ ಸೆಲ್ 4.2 ಕೊಡುತ್ತದೆ. ಮಿಕ್ಕಿದ್ದನ್ನು ಡ್ರೈವರ್, ಅಂದರೆ ಎಲ್‌ಇಡಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಪುಟ್ಟ ಬೋರ್ಡ್, ಬಿಸಿ ಮಾಡಿ ಕಳೆಯಬೇಕು. ಡ್ರೈವರಿನ ಮೇಲೆ ಕೂರುವ 7135 ಅನ್ನುವ ಚಿಪ್ ಒಂದಕ್ಕೆ 350 ಮಿಲಿಆಂಪಿಯರ್. ಎಂಟು ಚಿಪ್ಪಿನ ಡ್ರೈವರಿನಲ್ಲಿ ಒಂದನ್ನೇ ಉಳಿಸಿ, ಉಳಿದವನ್ನು ತೆಗೆಯಿರಿ. ಆಮೆ ಕಾಯುವ ಕೆಲಸಕ್ಕೆ ಅದೇ ಧಾರಾಳ.

ಸೆಲ್ಲಿನ ವಿಷಯದಲ್ಲಿ ಮಾತ್ರ ನಾನು ಗಟ್ಟಿ ದನಿಯಲ್ಲೇ ಹೇಳುತ್ತೇನೆ. 18650 ಸೆಲ್ ಅಂದರೆ 18 ಮಿಲಿಮೀಟರ್ ದಪ್ಪ, 65 ಉದ್ದ. ಆ ಡಬ್ಬಿಯಲ್ಲಿ ಒಳ್ಳೆ ಕಂಪನಿಗಳು ತುಂಬುವುದೇ 3500 ಮಿಲಿಆಂಪಿಯರ್ ಅವರ್ ಆಸುಪಾಸು. 9900 ಅಂತ ಬರೆದದ್ದು ಹಸಿ ಸುಳ್ಳು. ತಕ್ಕಡಿಗೆ ಇಡಿ. ಒಳ್ಳೆಯದು 45 ಗ್ರಾಂ ಮೇಲೆ ತೂಗುತ್ತದೆ, ಮೋಸದ್ದು ಹಲವು ಸಲ ತುಂಬಾ ಹಗುರ. ಮೈಯ ಪ್ಲಾಸ್ಟಿಕ್ ಹರಿದಿದ್ದರೆ ಹೊಸ ಪ್ಲಾಸ್ಟಿಕ್ ಹೊದಿಕೆ ಹಾಕದೆ ಉಪಯೋಗಿಸಬೇಡಿ. ಡಬ್ಬಿ ಪೂರ್ತಿ ನೆಗೆಟಿವ್, ಪಾಸಿಟಿವ್ ಮೂತಿ ಅದರಿಂದ ಕೂದಲೆಳೆ ದೂರದಲ್ಲಿದೆ. ಮಕ್ಕಳು ಓಡಾಡುವ ಮನೆಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಬಿಟ್ಟು ಮಲಗುವುದಂತೂ ಬೇಡವೇ ಬೇಡ.

ನಮ್ಮ ಜಿಲ್ಲೆಗೆ ಇನ್ನೊಂದು ಕೆಲಸ ಹೆಚ್ಚು. ನೀರು ತಡೆಯುವ ರಬ್ಬರ್ ಬಳೆಗೆ, ಅಂದರೆ ಓ-ರಿಂಗಿಗೆ, ಸಿಲಿಕೋನ್ ಗ್ರೀಸ್ ಹಚ್ಚಿ. ವ್ಯಾಸಲಿನ್ ಬೇಡ, ಕೆಲವು ಬಗೆಯ ರಬ್ಬರ್ ಅದಕ್ಕೆ ಉಬ್ಬುತ್ತದೆ. ಕಾರವಾರದ ಕಡೆಯ ಉಪ್ಪು ಗಾಳಿಗೆ ಸ್ಪ್ರಿಂಗ್ ಬೇಗ ಕಪ್ಪಾಗುತ್ತದೆ. ಅಲ್ಲಿನವರು ಆಗಾಗ ಒರೆಸಬೇಕು. ಆಷಾಢದ ಮಳೆಯಲ್ಲಿ ತಲೆ ಬಿಚ್ಚಿದರೆ ಒದ್ದೆ ಗಾಳಿಯೇ ಒಳಗೆ ಸೇರುತ್ತದೆ, ತಂಪಾದಾಗ ಗಾಜಿನ ಒಳಗೆ ಮಂಜು ಕೂರುತ್ತದೆ. ತಲೆಯನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ತೆಗೆದ ಕೂಡಲೇ ತಿರುಪಿ ಮುಚ್ಚಿ.